ಮೇ ಹದಿನೇಳು

ಓಸ್ಲೋ ನಗರದಲ್ಲಿ ನಾನು ಸಂಸಾರ ಹೂಡಿದ ಮೊದಲ ವರ್ಷ, ಎಂದರೆ 2006ರ ಮೇ 17ರಂದು, ಬೆಳಗ್ಗೆ ಏಳಕ್ಕೇ ಪಕ್ಕದ ಮನೆಯ ವೃದ್ಧೆ ಬಾಗಿಲು ತಟ್ಟಿದರು. ಮೈಮೇಲೆ ಕಸೂತಿಯ ಉಣ್ಣೆಯ ಉಡುಪು, ಎದೆಯ ಮೇಲೆ ಬೆಳ್ಳಿಯ ಪದಕ, ಕೈಯಲ್ಲಿ ಕಾಗದದ ಎರಡು ಬಾವುಟ. ಒಂದು ಅವರದು, ಇನ್ನೊಂದು ನನಗೆ.

ತೆಗೆದುಕೊಳ್ಳಲೋ ಬೇಡವೋ ಎಂದು ಅನುಮಾನಿಸಿದೆ. ಆಗಸ್ಟ್ 15ರಂದು ಶಾಲೆಯ ಅಂಗಳದಲ್ಲಿ ಬಾವುಟಕ್ಕೆ ವಂದಿಸಿ, ಪೆಪ್ಪರ್‌ಮಿಂಟು ಚೀಪಿ ಬೆಳೆದವನು ನಾನು. ಪರರ ಬಾವುಟ ಬೀಸಿದರೆ ನಮ್ಮದಕ್ಕೆ ಎರಡು ಬಗೆದಂತಾದೀತೆ? ಕೊಟ್ಟವರ ಮನಸ್ಸು ನೋಯಬಾರದೆಂದು ತೆಗೆದುಕೊಂಡು ಕೋಟಿನ ಜೇಬಿಗೆ ತುರುಕಿದೆ.

ರಾಷ್ಟ್ರದ ದಿನವೆಂದರೆ ದೆಹಲಿಯ ಜನವರಿ 26ರ ಕವಾಯತೇ ನನ್ನ ಕಣ್ಣಮುಂದೆ ಬರುವುದು. ಇಲ್ಲಿ ನೋಡಿದರೆ ಬೀದಿ ತುಂಬ ಮಕ್ಕಳು! ಒಂದೊಂದು ಶಾಲೆಗೂ ತನ್ನ ಪತಾಕೆ, ವಾದ್ಯದವರು. ಕೂಗಿ ಕೂಗಿ ಗಂಟಲು ಕಟ್ಟಿದ ಈ ಸೈನ್ಯ ಅರಮನೆಯ ಮುಂದೆ ಹಾಯುತ್ತದೆ. ಮೇಲೆ ಉಪ್ಪರಿಗೆಯಲ್ಲಿ ರಾಜರ ಮನೆಯವರು ಗಂಟೆಗಟ್ಟಲೆ ನಿಂತು ಕೈಬೀಸುತ್ತಾರೆ. ಅವರ ತೋಳುಗಳಿಗಾಗಿ ನನಗೆ ಕನಿಕರವಾಯಿತು.

ವೃದ್ಧೆ ನಿವೃತ್ತ ಉಪಾಧ್ಯಾಯಿನಿ. ಗುಂಪಿನ ನಡುವೆಯೇ ಪಾಠ ಶುರುವಾಯಿತು. ನಾಲ್ಕು ಶತಮಾನ ಡೆನ್ಮಾರ್ಕಿನ ಜತೆಗಿದ್ದ ನಾರ್ವೆಯನ್ನು 1814ರ ಜನವರಿಯಲ್ಲಿ ಕೀಲ್ ಒಪ್ಪಂದ ಸ್ವೀಡನ್ನಿಗೆ ಒಪ್ಪಿಸಿಬಿಟ್ಟಿತು. ದನವನ್ನು ಹಗ್ಗ ಸಮೇತ ಕೊಟ್ಟಂತೆ! ಒಪ್ಪದ 112 ಮಂದಿ ಐಡ್ಸ್‌ವೋಲ್ ಎಂಬಲ್ಲಿ ಸೇರಿ, ಮೇ 17ರಂದು ಸಂವಿಧಾನಕ್ಕೆ ಸಹಿ ಹಾಕಿದರು. ಸ್ವೀಡನ್ನಿನ ನಂಟು ತಪ್ಪಲಿಲ್ಲ, 1905ರವರೆಗೂ ಉಳಿಯಿತು. ಆದರೆ ಸಂವಿಧಾನವೂ ಉಳಿಯಿತು. ಅದರ ಹುಟ್ಟುಹಬ್ಬವನ್ನು ಜನ ಆಚರಿಸುವುದು ದೊರೆ ಕಾರ್ಲ್ ಯೋಹಾನನಿಗೆ ಸಹಿಸಲಿಲ್ಲ, 1828ರಲ್ಲಿ ನಿಷೇಧಿಸಿದ. ಮರುವರ್ಷ ಸೇರಿದ ಜನರ ಮೇಲೆ ಕುದುರೆಯ ದಂಡು ನುಗ್ಗಿತು. ಇಂದು ಮಕ್ಕಳು ನಡೆಯುವ ಬೀದಿಗೆ ಅವನದೇ ಹೆಸರು. ಅರಮನೆಯ ಮುಂದೆ ಕುದುರೆಯೇರಿ ಕುಳಿತಿರುವ ಕಂಚಿನ ಪ್ರತಿಮೆಯೂ ಅವನದೇ. ಪಾಪ, ವರ್ಷಕ್ಕೊಮ್ಮೆ ಎಲ್ಲವನ್ನೂ ನೋಡಬೇಕು.

ಮಕ್ಕಳು ಬಂದದ್ದು ತಡವಾಗಿ. ಕವಿ ಬ್ಯೋರ್ನ್‌ಸನ್ನರ ಉತ್ಸಾಹದಿಂದ 1870ರಲ್ಲಿ ಹುಡುಗರ ಮೆರವಣಿಗೆ ಹೊರಟಿತು. ಹುಡುಗಿಯರಿಗೆ ಜಾಗ ಸಿಕ್ಕಿದ್ದು 1889ರಲ್ಲಿ.

ಮಧ್ಯಾಹ್ನ ಆಕೆ ನನ್ನನ್ನು ಒಂದು ಸ್ಮಶಾನಕ್ಕೆ ಕರೆದೊಯ್ದರು. ಹಬ್ಬದ ದಿನ ಸ್ಮಶಾನವೆ ಎಂದು ಅಳುಕಿದೆ. ಕವಿ ಹೆನ್ರಿಕ್ ವೆರ್ಗೆಲಾನ್‌ನ ಸಮಾಧಿಯ ಮೇಲೆ ಹೊಸ ಹೂಹಾರವಿತ್ತು. ಓಸ್ಲೋದ ಯೆಹೂದ್ಯರು ಪ್ರತಿ ಮೇ 17ರಂದು ಇಡುವ ಹಾರ.

ಹೆಮ್ಮೆಯ ಆ ಸಂವಿಧಾನದ ಎರಡನೆಯ ವಿಧಿ ಯೆಹೂದ್ಯರಿಗೆ ದೇಶದೊಳಗೆ ಕಾಲಿಡಲೇ ಅವಕಾಶವಿಲ್ಲವೆಂದಿತ್ತು. ಹಾಗೆ ಬಾಗಿಲು ಮುಚ್ಚಬೇಕೆಂದು ಐಡ್ಸ್‌ವೋಲಿನಲ್ಲಿ ವಾದಿಸಿದವರಲ್ಲಿ ಈ ಕವಿಯ ತಂದೆಯೂ ಒಬ್ಬ, ಪಾದ್ರಿ ನಿಕೊಲಾಯ್ ವೆರ್ಗೆಲಾನ್. ಅದನ್ನು ತೆರೆಯಬೇಕೆಂದು ಮಗ 1839ರಿಂದ ಹೋರಾಡಿದ. 1842ರಲ್ಲಿ ಬಹುಮತ ಬಂದರೂ ಮೂರರಲ್ಲಿ ಎರಡು ಪಾಲು ಮತ ಕೂಡಿಬರಲಿಲ್ಲ. 1845ರಲ್ಲಿ, ಮೂವತ್ತೇಳರ ವಯಸ್ಸಿನಲ್ಲಿ, ತೀರಿಕೊಂಡ. 1849ರಲ್ಲಿ ಈ ಸ್ಮಾರಕ ನಿಲ್ಲಿಸಿದವರು ನಾರ್ವೆಯ ಗಡಿಯಾಚೆಯ ಯೆಹೂದ್ಯರು. ಗಡಿಯೊಳಗೆ ಅವರಿಗೆ ನೆಲೆಯೆಲ್ಲಿತ್ತು? ನಿಷೇಧ ಅಳಿದದ್ದು 1851ರಲ್ಲಿ.

“ಬಾಗಿಲು ಒಮ್ಮೆ ತೆರೆದರೆ ಸಾಲದು,” ಎಂದರು ಉಪಾಧ್ಯಾಯಿನಿ. 1999ರಲ್ಲಿ ಪಾಕಿಸ್ತಾನದಲ್ಲಿ ಹುಟ್ಟಿದ ರುಬಿನಾ ರಾಣಾ ಓಸ್ಲೋದ ಹಬ್ಬದ ಸಮಿತಿಗೆ ಅಧ್ಯಕ್ಷೆಯಾದಾಗ ಕೊಲೆಬೆದರಿಕೆಗಳು ಬಂದವಂತೆ. ಆಕೆ ಹಿಂಜರಿಯದೆ ಮಕ್ಕಳ ಮುಂದೆ ನಡೆದರು. ಅವರ ಹೆಸರು ಕೇಳಿ, ನಮ್ಮ ಕಡೆಯವರೊಬ್ಬರು ಎಂದು ನನ್ನ ಮನಸ್ಸು ಥಟ್ಟನೆ ಅಂದಿತು. ಊರಿನಲ್ಲಿದ್ದಿದ್ದರೆ ಪಾಕಿಸ್ತಾನದವರನ್ನು ಹಾಗೆನ್ನುತ್ತಿದ್ದೆನೋ ಇಲ್ಲವೋ!

“ನಿಮ್ಮ ಬಾವುಟವೆಲ್ಲಿ?” ಎಂದು ಆಕೆ ಕೇಳಿದರು.

ಜೇಬಿಗೆ ಕೈಹಾಕಿದೆ. ಕಾಗದ ಮುದುರಿತ್ತು, ಕಡ್ಡಿ ಎರಡು ತುಂಡಾಗಿತ್ತು. ಆಕೆ ಬೈಯಲಿಲ್ಲ. ತಮ್ಮ ಚೀಲದಿಂದ ದಾರ ತೆಗೆದು, ಮುರಿದಲ್ಲಿ ನಾಲ್ಕು ಸುತ್ತು ಬಿಗಿದು, ಕಾಗದ ನೀವಿ ಕೊಟ್ಟರು. ಟ್ರಾಮಿನಲ್ಲಿ ಮನೆ ಸೇರುವವರೆಗೂ ಅದು ನನ್ನ ಕೈಯಲ್ಲೇ ಇತ್ತು.