ಬೆಳ್ವೊಲದ ಬಯಲು, ಕಿಸುಕಾಡಿನ ನೆನಪು

ಗಜೇಂದ್ರಗಡದಿಂದ ಬಂಡೀಪುರಕ್ಕೆ ಐನೂರು ಕಿಲೋಮೀಟರಿಗೂ ಮಿಕ್ಕಿದ ದಾರಿ. ನಾನೂ ನನ್ನ ಪತ್ನಿಯೂ ಆ ದಾರಿಯನ್ನು ಕಾರಿನಲ್ಲಿ ಕ್ರಮಿಸಿದ್ದು ಆನೆಯನ್ನು ಕಾಣುವ ಒಂದೇ ಆಸೆಯಿಂದ. ಎರಡನೆಯ ದಿನದ ಬೆಳಗಿನಲ್ಲಿ ಹಿಂಡೊಂದು ಮರಿಯನ್ನು ನಡುವೆ ಇಟ್ಟುಕೊಂಡು ದಾರಿಯನ್ನು ದಾಟಿತು. ಅದು ಬಿದಿರಿನ ಮರೆಗೆ ಸರಿದ ಮೇಲೆ ನನ್ನ ಪತ್ನಿ ಮೆಲ್ಲನೆ ಕೇಳಿದಳು: “ನಮ್ಮ ಊರಿನ ಹೆಸರಿನಲ್ಲಿಯೇ ಆನೆ ಇದೆ. ನಮ್ಮ ಸೀಮೆಯಲ್ಲಿ ಇಂಥ ಕಾಡು ಎಂದೂ ಇರಲಿಲ್ಲವೆ?” ಆಗ ನನ್ನಲ್ಲಿ ಉತ್ತರವಿರಲಿಲ್ಲ. ಈ ಮಾತುಗಳು ಆ ಪ್ರಶ್ನೆಗೆ ತಡವಾಗಿ ಕೊಡುತ್ತಿರುವ ಉತ್ತರ.

ಮೊದಲು ಬಂಡೀಪುರದ ಮಾತು. ಅದು ತಾನಾಗಿ ಉಳಿದ ಕಾಡಲ್ಲ. ಮೈಸೂರು ಅರಸರ ಬೇಟೆಯ ನೆಲೆಯಾಗಿದ್ದ ಆ ಸೀಮೆಯಲ್ಲಿ 1931ರಲ್ಲಿ 90 ಚದರ ಕಿಲೋಮೀಟರು ಪ್ರದೇಶವನ್ನು ವನ್ಯಮೃಗಗಳ ಅಭಯಧಾಮವೆಂದು ಸಾರಲಾಯಿತು. 1941ರಲ್ಲಿ ಅದು ಬೆಳೆದು, 800 ಚದರ ಕಿಲೋಮೀಟರಿನ ವೇಣುಗೋಪಾಲ ವನ್ಯಮೃಗ ಉದ್ಯಾನವಾಯಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದ ಮೊದಲ ಒಂಬತ್ತು ಹುಲಿಧಾಮಗಳಲ್ಲಿ ಬಂಡೀಪುರವೂ ಒಂದು. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಅಲ್ಲಿಯ ಹೆದ್ದಾರಿಯಲ್ಲಿ ವಾಹನ ಸಂಚಾರಕ್ಕೆ ತಡೆ ಬಂದಿತು. ಈ ರಕ್ಷಣೆಗೆ ಬೆಲೆ ತೆತ್ತವರೂ ಉಂಟು. ತಲೆಮಾರುಗಳಿಂದ ಕಾಡಿನೊಳಗೆ ಬಾಳಿದ ಜೇನುಕುರುಬರು ಹಾಡಿಗಳನ್ನು ಬಿಟ್ಟು ಅಂಚಿಗೆ ಬರಬೇಕಾಯಿತು. ಕಾಡು ಉಳಿಯಿತು, ಕಾಡಿನವರು ಹೊರಗಾದರು.

ಇನ್ನು ನಮ್ಮ ಸೀಮೆಗೆ ಬರೋಣ. ಶಾಸನಗಳ ಕಾಲದಲ್ಲಿ ಈ ನೆಲದಲ್ಲಿ ಎರಡು ನಾಡುಗಳು ಒಂದಕ್ಕೊಂದು ತಾಗಿಕೊಂಡಿದ್ದವು. ಒಂದು ಬೆಳ್ವೊಲ ಮುನ್ನೂರು. ಇನ್ನೊಂದು ಕಿಸುಕಾಡು ಎಪ್ಪತ್ತು. ಬೆಳ್ವೊಲವೆಂದರೆ ಬೆಳೆಯುವ ಹೊಲ. ಕಿಸುಕಾಡೆಂದರೆ ಕೆಂಪು ಕಾಡು. ಕರಿಯ ಎರೆಯ ನರಗುಂದ, ನರೇಗಲ್ಲುಗಳ ಸೀಮೆ ಬೆಳ್ವೊಲದ್ದು. ಕೆಂಪು ಕಲ್ಲಿನ ಪಟ್ಟದಕಲ್ಲು, ಸೂಡಿಗಳ ಸೀಮೆ ಕಿಸುಕಾಡಿನದು. ಕಲ್ಯಾಣ ಚಾಲುಕ್ಯರ ಅಕ್ಕಾದೇವಿ 11ನೆಯ ಶತಮಾನದಲ್ಲಿ ಕಿಸುಕಾಡನ್ನು ಆಳಿದವಳು. ಸೂಡಿಯ ಶಾಸನ ಅವಳ ಆಡಳಿತವನ್ನು ನೆನೆಯುತ್ತದೆ. ನಮ್ಮ ಹಿರಿಯರು ನಾಡಿಗೆ ಹೆಸರಿಡುವಾಗ ಹೊಲವನ್ನೂ ಕಾಡನ್ನೂ ಅಕ್ಕಪಕ್ಕದಲ್ಲಿ ಇಟ್ಟುಕೊಂಡಿದ್ದರು. ಹೊಲ ಉಳಿಯಿತು. ಕಾಡು ಹೆಸರಿನಲ್ಲಿ ಮಾತ್ರ ನಿಂತಿತು.

ಅದೇ ಮನೆತನದ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಆನೆಗಳನ್ನು ಹಿಡಿಯುವ ಬಗೆ ಉಂಟು, ಪಳಗಿಸಿದ ಚೀತಾವನ್ನು ಚಿಗರಿಯ ಮೇಲೆ ಬಿಟ್ಟು ಆಡುವ ಬೇಟೆಯ ವರ್ಣನೆಯೂ ಉಂಟು. ಚೀತಾಕ್ಕೆ ಬೇಕಾದದ್ದು ದಟ್ಟಡವಿಯಲ್ಲ, ಕಣ್ಣು ಹಾಯುವವರೆಗಿನ ಹುಲ್ಲುಬಯಲು. ನಾವು ಬರಡೆಂದು ಕರೆಯುವ ನೆಲ ಅದಕ್ಕೆ ತವರು. ನಮ್ಮ ದೇಶದ ಕೊನೆಯ ಚೀತಾಗಳು 1947ರ ಹೊತ್ತಿಗೆ ಮಧ್ಯಭಾರತದಲ್ಲಿ ಗುಂಡಿಗೆ ಬಲಿಯಾದವು. 1952ರಲ್ಲಿ ಅದು ಅಳಿದುಹೋಯಿತೆಂದು ಸಾರಲಾಯಿತು. 2022ರ ಸೆಪ್ಟೆಂಬರಿನಲ್ಲಿ ನಮೀಬಿಯದಿಂದ ಎಂಟು ಚೀತಾಗಳನ್ನು ಮಧ್ಯಪ್ರದೇಶದ ಕೂನೊಗೆ ತರಬೇಕಾಯಿತು. ಬೇಟೆಗಾರ ಹೋದರೂ ಬೇಟೆ ನಮ್ಮಲ್ಲಿ ಉಳಿದಿದೆ. ರೋಣದ ಕಡೆಯ ಹೊಲಗಳಲ್ಲಿ ಇಂದಿಗೂ ಚಿಗರಿ ಜಿಗಿಯುತ್ತದೆ. ಅದನ್ನು ರೈತ ‘ಹಾವಳಿ’ ಎನ್ನುತ್ತಾನೆ. ಮೊಳಕೆಯೊಡೆದ ಬೆಳೆಯನ್ನು ರಾತ್ರಿ ಕಾಯಬೇಕಾದವನು ಬೇರೇನು ಅಂದಾನು?

ನಮ್ಮ ಬೆಟ್ಟಗಳು ಚರಿತ್ರೆಗೆ ಬಂದದ್ದು ಕಾಡಾಗಿ ಅಲ್ಲ, ಕೋಟೆಯಾಗಿ. ಗಜೇಂದ್ರಗಡದ ಬೆಟ್ಟ ಆನೆಯನ್ನು ಹೋಲುವುದರಿಂದ ಊರಿಗೆ ಆ ಹೆಸರು ಬಂದಿತೆಂದು ಜನ ಹೇಳುತ್ತಾರೆ. ಚರಿತ್ರೆಯ ಪುಸ್ತಕದಲ್ಲಿ ಆ ಹೆಸರಿರುವುದು 1787ರಲ್ಲಿ ಟಿಪ್ಪು ಸುಲ್ತಾನನಿಗೂ ಮರಾಠರಿಗೂ ಆದ ಒಪ್ಪಂದಕ್ಕಾಗಿ. ನರಗುಂದದ ಬೆಟ್ಟವನ್ನು ನಾವು ನೆನೆಯುವುದು ಬಾಬಾಸಾಹೇಬ ಭಾವೆಯ ಹೆಸರಿನೊಂದಿಗೆ. ದತ್ತಕಕ್ಕೆ ಒಪ್ಪಿಗೆ ದೊರೆಯಲಿಲ್ಲ. ಆಯುಧಗಳನ್ನು ಒಪ್ಪಿಸಬೇಕೆಂಬ ಆಜ್ಞೆ ಬಂದಿತು. 1858ರ ಮೇ 29ರಂದು ಸುರೇಬಾನದಲ್ಲಿ ಮ್ಯಾನ್ಸನ್ ಹತನಾದನು. ಜೂನ್ 12ರಂದು ಬಾಬಾಸಾಹೇಬನನ್ನು ಬೆಳಗಾವಿಯಲ್ಲಿ ಗಲ್ಲಿಗೇರಿಸಿದರು. ಈ ಬೆಟ್ಟಗಳ ಮೇಲೆ ಯಾರು ಕಾದಿದರು, ಯಾರು ಸೋತರು ಎಂಬುದು ನಮಗೆ ಬಾಯಿಪಾಠ. ಅವುಗಳ ಇಳಿಜಾರಿನಲ್ಲಿ ಯಾವ ಪ್ರಾಣಿ ಬಾಳಿತು, ಯಾವ ಹುಲ್ಲು ಬೆಳೆಯಿತು ಎಂಬುದನ್ನು ನಾವು ಕೇಳಿದವರಲ್ಲ. ಕೋಟೆ ಬೀಳುವಾಗ ಸದ್ದಾಗುತ್ತದೆ. ಹುಲ್ಲುಗಾವಲು ಅಳಿಯುವಾಗ ಸದ್ದಾಗುವುದಿಲ್ಲ.

ಹಾಗೆಂದು ನಮ್ಮ ಜಿಲ್ಲೆ ಪೂರ್ತಿ ಮರೆತಿತೆಂದಲ್ಲ. ಗದಗಿನ ದಕ್ಷಿಣಕ್ಕಿರುವ ಕಪ್ಪತಗುಡ್ಡ ಔಷಧಿ ಸಸ್ಯಗಳಿಗೆ ಹೆಸರಾದದ್ದು. ಅದರ ಒಡಲಲ್ಲಿ ಚಿನ್ನವೂ ಕಬ್ಬಿಣವೂ ಇರುವುದು ಅದಕ್ಕೆ ಕುತ್ತಾಯಿತು. 2015ರಲ್ಲಿ ಅದಕ್ಕೆ ದೊರೆತ ಸಂರಕ್ಷಿತ ಪ್ರದೇಶದ ಸ್ಥಾನ 2016ರಲ್ಲಿ ಹೋಯಿತು. ತೋಂಟದಾರ್ಯ ಮಠದ ಸಿದ್ಧಲಿಂಗ ಸ್ವಾಮಿಗಳ ಮುಂದಾಳುತನದಲ್ಲಿ ಜನ ಬೀದಿಗಿಳಿದರು. 2017ರಲ್ಲಿ ಸ್ಥಾನ ಮರಳಿತು. 2019ರಲ್ಲಿ 244 ಚದರ ಕಿಲೋಮೀಟರು ವನ್ಯಜೀವಿಧಾಮವಾಯಿತು. ಸ್ವಾಮಿಗಳು ಅದನ್ನು ಕಾಣಲಿಲ್ಲ, 2018ರಲ್ಲಿಯೇ ಲಿಂಗೈಕ್ಯರಾಗಿದ್ದರು. ಬಂಡೀಪುರವನ್ನು ಅರಸರು ಉಳಿಸಿದರು, ತಮ್ಮ ಬೇಟೆಗೆಂದು ಮೊದಲು, ಮೃಗಗಳಿಗೆಂದು ಆಮೇಲೆ. ಕಪ್ಪತಗುಡ್ಡವನ್ನು ಉಳಿಸಿದವರು ಅದರ ಸುತ್ತಿನ ಜನ. ಈ ಎರಡರ ನಡುವಿನ ಅಂತರ ಸಣ್ಣದಲ್ಲ.

ಊರಿಗೆ ಮರಳುವಾಗ ಸಂಜೆಯಾಗಿತ್ತು. ಗುಡ್ಡದ ಸಾಲಿನ ಮೇಲೆ ಗಾಳಿಯಂತ್ರಗಳು ನಿಧಾನವಾಗಿ ತಿರುಗುತ್ತಿದ್ದವು. ದಾರಿಯ ಬದಿಯ ಬೀಳುಹೊಲದಲ್ಲಿ ಏನೋ ಚಲಿಸಿತು. ಕಾರು ನಿಲ್ಲಿಸಿದೆವು. ಐದಾರು ಚಿಗರಿಗಳು ತಲೆಯೆತ್ತಿ ನಮ್ಮನ್ನು ನೋಡಿದವು. ಚೀಟಿಯಿಲ್ಲ, ಬೇಲಿಯಿಲ್ಲ, ಹೊತ್ತಿನ ಕಟ್ಟಿಲ್ಲ. ಇಷ್ಟು ವರ್ಷ ಅದೇ ದಾರಿಯಲ್ಲಿ ಓಡಾಡಿದ ನಾವು ಅಲ್ಲಿ ಒಮ್ಮೆಯೂ ನಿಂತಿರಲಿಲ್ಲ. “ಇದೂ ಕಿಸುಕಾಡೇ ಅಲ್ಲವೆ?” ಎಂದಳು ನನ್ನ ಪತ್ನಿ. ಹೌದೆಂದೆ. ಹೊಲದವನ ಬೆಳೆಯೂ ಉಳಿದು, ಆ ಚಿಗರಿಗಳೂ ಉಳಿಯುವ ದಾರಿಯನ್ನು ನಮ್ಮ ಸೀಮೆ ಇನ್ನೂ ಹುಡುಕಬೇಕಾಗಿದೆ.