ಅಪ್ಪನ ಪಾಳಿ

ವಾಡಿಯಿಂದ ಸಿಕಂದರಾಬಾದಿಗೆ ನಿಜಾಮರ ರೈಲು ಓಡಿದ್ದು 1874ರಲ್ಲಿ. ಮುಂದೆ ಸಿಮೆಂಟು ಬಂತು: ಮೊದಲು ಶಹಾಬಾದ್, 1968ರಲ್ಲಿ ವಾಡಿ, ಆಮೇಲೆ ಸೇಡಂ. ಸಿಮೆಂಟಿನ ಭಟ್ಟಿ ರಾತ್ರಿಯೂ ಆರಬಾರದು ನೋಡಿ, ಹಾಗಾಗಿ ಅಪ್ಪಂದಿರಿಗೆ ಮೂರು ಪಾಳಿ. ರಾತ್ರಿ ಪಾಳಿ ಮುಗಿಸಿ ಬರೋ ಹೊತ್ತಿಗೆ ಮಕ್ಕಳು ಸ್ಕೂಲಿಗೆ ಹೊರಟಿರ್ತಾರೆ.

1948ರ ಕಾರ್ಖಾನೆ ಕಾಯ್ದೆ ವಾರಕ್ಕೆ 48 ಗಂಟೆ ಅಂತ ಮಿತಿ ಹಾಕಿತು, ಒಳ್ಳೇದೇ. ಆದರೆ ಕೂಸಿನ ಮನೆ ಬೇಕೋ ಬೇಡವೋ ಅನ್ನೋದಕ್ಕೆ ಅದು ಎಣಿಸಿದ್ದು ಹೆಣ್ಣಾಳುಗಳನ್ನ ಮಾತ್ರ. ಸಾವಿರ ಅಪ್ಪಂದಿರಿದ್ದರೂ ಮಗು ಒಂದೂ ಇಲ್ಲ ಅನ್ನೋ ಲೆಕ್ಕ!

ವೀಕ್ಷಕರೇ, ಇವತ್ತು ವಾಡಿ ಜಂಕ್ಷನ್ನಿನ ರೈಲ್ವೆ ನೌಕರನಿಗೆ ಮೊದಲ ಎರಡು ಮಕ್ಕಳಿಗೆ 15 ದಿನ ಪಿತೃತ್ವ ರಜೆ ಇದೆ. ಪಕ್ಕದಲ್ಲೇ ಗುತ್ತಿಗೆ ಮೇಲೆ ಸಿಮೆಂಟ್ ಚೀಲ ಹೊರುವ ಅಪ್ಪನಿಗೆ? ಕಾನೂನಿನಲ್ಲಿ ಒಂದು ದಿನವೂ ಇಲ್ಲ.