ಸೋವಿಯತ್ ಒಕ್ಕೂಟ ಒಡೆದ ಮೇಲೆ



ಸಂಘಕ್ಕೆ ಪೊಟ್ಯಾಷ್ ಬಂತಾ ಎಂದು ಕೇಳುವ ನಾವು ಅದು ಎಲ್ಲಿಂದ ಬರುತ್ತದೆಂದು ಯೋಚಿಸುವುದಿಲ್ಲ. ಅದು ಹೊರದೇಶದ ಗೊಬ್ಬರ. ರಷ್ಯಾ, ಬೆಲಾರಸ್ ದೇಶಗಳು ಅದನ್ನು ದೊಡ್ಡ ಪ್ರಮಾಣದಲ್ಲಿ ತೆಗೆಯುತ್ತವೆ. 1991ರವರೆಗೆ ಇವೆರಡೂ ಕಮ್ಯುನಿಸ್ಟ್ ಆಡಳಿತದ ಸೋವಿಯತ್ ಒಕ್ಕೂಟದಲ್ಲಿದ್ದವು.

ಅಲ್ಲಿಯೂ ರೈತರ ಸಂಘಗಳಿದ್ದವು, ಹೆಸರು ಕೋಲ್‌ಖೋಜ್. ಆದರೆ 1929ರಿಂದ ಸ್ಟಾಲಿನ್ ಸರ್ಕಾರ ರೈತರ ಜಮೀನು, ದನಕರು ಕಿತ್ತುಕೊಂಡು ಬಲವಂತದಿಂದ ಅವರನ್ನು ಸೇರಿಸಿತು. 1932-33ರ ಕ್ಷಾಮದಲ್ಲಿ ಉಕ್ರೇನಿನಂಥ ಎರೆಭೂಮಿಯ ಸೀಮೆಯಲ್ಲೇ ಲಕ್ಷಾಂತರ ಜನ ಅನ್ನವಿಲ್ಲದೆ ಸತ್ತರು. 1972ರಲ್ಲಿ ಆ ದೇಶ ತನ್ನ ವೈರಿ ಅಮೆರಿಕದಿಂದಲೇ ಗೋಧಿ ಕೊಂಡಿತು. ಆಳುವವರ ತಪ್ಪು ಎತ್ತಿ ಹೇಳುವ ಬಾಯಿ ರೈತನಿಗಿರಲಿಲ್ಲ.

1985ರಲ್ಲಿ ಅಧಿಕಾರಕ್ಕೆ ಬಂದ ಗೋರ್ಬಚೇವ್ ಸುಧಾರಣೆಗೆ ಕೈಹಾಕಿದರು. ಅಷ್ಟರಲ್ಲಿ ಕಾಲ ಮಿಂಚಿತ್ತು. 1989ರ ನವೆಂಬರ್ 9ರಂದು ಬರ್ಲಿನ್ ಗೋಡೆ ತೆರೆಯಿತು. 1991ರ ಡಿಸೆಂಬರ್ 25ರಂದು ಅವರು ರಾಜೀನಾಮೆ ಕೊಟ್ಟರು. ಒಂದು ದೇಶ 15 ದೇಶಗಳಾಯಿತು. ರೂಪಾಯಿ ಲೆಕ್ಕದಲ್ಲಿ ನಮ್ಮ ಕೊಡಗು, ಚಿಕ್ಕಮಗಳೂರಿನ ಕಾಫಿ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಇಲ್ಲವಾಯಿತು.

ಅಣ್ಣತಮ್ಮಂದಿರು ಪಾಲಾದ ಮೇಲೂ ಬದುವಿನ ತಕರಾರು ಉಳಿಯುತ್ತದಲ್ಲ, ಇಲ್ಲೂ ಹಾಗೇ ಆಯಿತು. ಉಕ್ರೇನಿನ ಪಾಲಿಗೆ ಸಾವಿರಾರು ಅಣ್ವಸ್ತ್ರಗಳು ಉಳಿದಿದ್ದವು. 1994ರಲ್ಲಿ ಬುಡಾಪೆಸ್ಟಿನಲ್ಲಿ ರಷ್ಯಾ, ಅಮೆರಿಕ, ಬ್ರಿಟನ್ ಅದರ ಗಡಿಯನ್ನು ಗೌರವಿಸುತ್ತೇವೆಂದು ಸಹಿ ಹಾಕಿದವು. ಉಕ್ರೇನ್ ಅಸ್ತ್ರಗಳನ್ನು ಬಿಟ್ಟುಕೊಟ್ಟಿತು. ಈ ಕಡೆ 1999ರಲ್ಲಿ ಪೋಲೆಂಡ್, ಹಂಗೇರಿ, ಚೆಕ್ ದೇಶಗಳು ಅಮೆರಿಕದ ನ್ಯಾಟೋ ಕೂಟ ಸೇರಿದವು. ರಷ್ಯಾ ಅಸಮಾಧಾನಗೊಂಡಿತು. 2014ರಲ್ಲಿ ಕ್ರಿಮಿಯಾವನ್ನು ಅದು ವಶಪಡಿಸಿಕೊಂಡಿತು. 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ಪೂರ್ಣ ಯುದ್ಧಕ್ಕೇ ಇಳಿಯಿತು. ಸಹಿ ಮಾಡಿದ ಕಾಗದ ಕಾಗದವಾಗಿಯೇ ಉಳಿಯಿತು.

ಆ ವರ್ಷ ಜಗತ್ತಿನಲ್ಲೆಲ್ಲ ಗೋಧಿ, ಗೊಬ್ಬರದ ಬೆಲೆ ಏರಿತು. ಮೇ ತಿಂಗಳಲ್ಲಿ ನಮ್ಮ ಸರ್ಕಾರ ಗೋಧಿ ರಫ್ತನ್ನು ನಿಲ್ಲಿಸಿತು. 1991ರಲ್ಲಿ ಒಡೆದ ಮನೆಯ ಜಗಳ ನಮ್ಮ ಹೊಲದ ತನಕ ಬಂತು.

ಕಮ್ಯುನಿಸಂ ಪೂರ್ತಿ ಹೋಯಿತೆಂದು ಹೇಳುವಂತಿಲ್ಲ. ಚೀನಾದಲ್ಲಿ ಪಕ್ಷದ ಆಡಳಿತ ಹಾಗೇ ಇದೆ. ಆದರೆ 1978ರ ನಂತರ ಅವರೂ ಸಾಗುವಳಿಯನ್ನು ರೈತ ಕುಟುಂಬಗಳಿಗೆ ಬಿಟ್ಟರು, ಬೆಳೆ ಹೆಚ್ಚಿತು.

ನಮ್ಮ ಸಂಘವೂ ಕೂಡಿ ಬಾಳುವ ಮಾತನ್ನೇ ಹೇಳುತ್ತದೆ. ವ್ಯತ್ಯಾಸ ಇಷ್ಟೇ: ಇಲ್ಲಿ ನಾವು ಮನಸ್ಸಿದ್ದು ಸೇರಿದ್ದೇವೆ, ಬೇಡವೆಂದರೆ ಬಿಡಬಹುದು, ಮಹಾಸಭೆಯಲ್ಲಿ ಎದ್ದು ನಿಂತು ಲೆಕ್ಕ ಕೇಳಬಹುದು. ಹಾಗೆ ಕೇಳುವವರ ಮೇಲೆ ನಿರ್ದೇಶಕರಾದ ನಾವು ಸಿಟ್ಟಾಗಬಾರದು. ಕೇಳುವವರಿಲ್ಲದ ದೊಡ್ಡ ಸಾಮ್ರಾಜ್ಯವೇ ಉಳಿಯಲಿಲ್ಲ, ನಮ್ಮದು ಇಪ್ಪತ್ತೈದು ವರ್ಷದ ಸಣ್ಣ ಸಂಘ.